ಇಗರ್ಜಿಯ ಗಾಯಕನೂ ಸ್ವರಪತ್ರವೂ

ಕ್ರೈಸ್ತ ದೇವಾಲಯಗಳಲ್ಲಿ ಹಬ್ಬದ ದಿನದ ಆರಾಧನೆಯನ್ನು ಕಂಡವರಿಗೆ ಒಂದು ಸಂದರ್ಭವು ನೆನಪಿನಲ್ಲಿರಬಹುದು. ಅದುವರೆಗೆ ಒಟ್ಟಾಗಿ ಹಾಡುತ್ತಿದ್ದ ಗಾಯಕವೃಂದವು ಸುಮ್ಮನಾಗುತ್ತದೆ. ಆರ್ಗನ್ ವಾದ್ಯದಿಂದ ನಾಲ್ಕಾರು ಸ್ವರಗಳು ಮೆಲ್ಲನೆ ಹೊರಡುತ್ತವೆ. ಬಳಿಕ ಒಂದೇ ಒಂದು ಕಂಠವು ಆ ಎತ್ತರವಾದ ಕಮಾನುಗಳ ಕೆಳಗೆ ಏಕಾಕಿಯಾಗಿ ಹಾಡತೊಡಗುತ್ತದೆ. ಇದಕ್ಕೆ ‘ಸೋಲೋ’ ಎಂದು ಹೆಸರು. ಕೇಳುವವರ ಮನಸ್ಸೆಲ್ಲ ಆ ಕಂಠದ ಮೇಲಿರುತ್ತದೆಯೇ ಹೊರತು, ಹಾಡುವವರ ಕೈಯಲ್ಲಿರುವ ಕಾಗದದ ಮೇಲೆ ಯಾರ ದೃಷ್ಟಿಯೂ ಬೀಳುವುದಿಲ್ಲ. ಆದರೆ ಆ ಕಾಗದವಿಲ್ಲದಿದ್ದರೆ ಆ ಗಾನವೂ ಇಲ್ಲ. ‘ಷೀಟ್ ಮ್ಯೂಸಿಕ್’ ಎಂದು ಕರೆಯುವ ಆ ಕಾಗದವನ್ನು ನಾವು ಸ್ವರಪತ್ರವೆನ್ನೋಣ. ಅದು ಒಬ್ಬ ಒಂಟಿ ಗಾಯಕನ ಕೈಗೆ ಬಂದು ಸೇರುವುದಕ್ಕೆ ಸುಮಾರು ಒಂದು ಸಾವಿರ ವರ್ಷಗಳು ಹಿಡಿದುವು. ಆ ಚರಿತ್ರೆಯನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ನಮ್ಮ ಸಂಗೀತದ ಸಂಸ್ಕಾರದಲ್ಲಿ ಬೆಳೆದವರಿಗೆ ಈ ಕಾಗದದ ಮಹತ್ವವು ಒಮ್ಮೆಗೇ ಹೊಳೆಯುವುದು ಕಷ್ಟ. ನಮ್ಮ ವಿದ್ವಾಂಸರು ತಂಬೂರಿಯನ್ನು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಗೆ ಸೇರಿಸಿಕೊಳ್ಳುತ್ತಾರೆ. ಕೃತಿಯು ಗುರುಮುಖದಿಂದ ಪಾಠವಾಗಿರುತ್ತದೆ. ಪಿಟೀಲಿನವರು ಗಾಯಕರ ಜಾಡನ್ನೇ ಹಿಡಿದು ನುಡಿಸುತ್ತಾರೆ. ಯೂರೋಪಿನ ಪದ್ಧತಿಯೇ ಬೇರೆ. ಅಲ್ಲಿ ಪಕ್ಕವಾದ್ಯವು ಹಾಡಿನ ನೆರಳಲ್ಲ. ಗಾಯಕನು ಒಂದು ಸ್ವರವನ್ನು ಹಾಡುತ್ತಿರುವಾಗ ವಾದ್ಯವು ಅದಕ್ಕೆ ಮಿತ್ರವಾದ ಬೇರೆ ಸ್ವರಗಳನ್ನು ಅದೇ ಕ್ಷಣದಲ್ಲಿ ನುಡಿಸಬೇಕು. ಆ ಸ್ವರಗಳು ಯಾವುವೆಂಬುದನ್ನು ಬಹುಮಟ್ಟಿಗೆ ರಚಕನೇ ಗೊತ್ತುಮಾಡಿರುತ್ತಾನೆ. ಶ್ರುತಿಯನ್ನು ಒಂದು ಮನೆ ಏರಿಸಬೇಕಾದರೂ ವಾದ್ಯದವನು ಪ್ರತಿಯೊಂದು ಸ್ವರವನ್ನೂ ಮನಸ್ಸಿನಲ್ಲಿಯೇ ಸರಿಸಿಕೊಂಡು ನುಡಿಸಬೇಕು. ಇಲ್ಲವೆ ಇಡೀ ರಚನೆಯನ್ನು ಹೊಸದಾಗಿ ಬರೆದುಕೊಳ್ಳಬೇಕು.

ಆದುದರಿಂದ ಇಗರ್ಜಿಯಲ್ಲಿ ಒಬ್ಬರೇ ಹಾಡಬೇಕೆಂದಿರುವವರು ‘ಯಾವ ಹಾಡು?’ ಎಂದು ಕೇಳಿಕೊಂಡರೆ ಸಾಲದು. ಅದು ತಾರಕಂಠಕ್ಕೆ ಬರೆದುದೊ, ಮಂದ್ರಕಂಠಕ್ಕೆ ಬರೆದುದೊ? ಪಕ್ಕವಾದ್ಯದ ಭಾಗವು ಆರ್ಗನ್ನಿಗೆ ಹೊಂದುವಂತಿದೆಯೊ, ಇಪ್ಪತ್ತು ಮೂವತ್ತು ವಾದ್ಯಗಳ ಮೇಳವನ್ನು ಬೇಡುತ್ತದೆಯೊ? ಮಾತು ಲ್ಯಾಟಿನ್ನೊ, ದೇಶಭಾಷೆಯೊ? ಆ ದಿನದ ಪೂಜೆಗೆ ಆ ಮಾತು ಉಚಿತವೊ? ಈ ಪ್ರಶ್ನೆಗಳೆಲ್ಲಕ್ಕೂ ಒಪ್ಪುವ ಒಂದು ಸ್ವರಪತ್ರವನ್ನು ಹುಡುಕಿ ತೆಗೆಯುವುದೇ ಗಾಯಕನ ಮೊದಲನೆಯ ಕೆಲಸ. ಇಂದು ಸುಲಭವಾಗಿರುವ ಈ ಕೆಲಸವು ಹಿಂದೆ ಸುಲಭವಾಗಿರಲಿಲ್ಲ. ಆ ಗಾನಭಂಡಾರದ ಬಾಗಿಲಿಗೆ ಒಂದರ ಮೇಲೊಂದರಂತೆ ಹಲವು ಬೀಗಗಳಿದ್ದುವು.

ಮೊದಲನೆಯ ಬೀಗ ಮರೆವು. ಏಳನೆಯ ಶತಮಾನದಲ್ಲಿ ಸೆವಿಲ್ ನಗರದ ಬಿಷಪನಾಗಿದ್ದ ಇಸಿದೋರನೆಂಬ ಪಂಡಿತನು, ನಾದವನ್ನು ಬರೆದಿಡುವುದಕ್ಕಾಗದುದರಿಂದ ಮನುಷ್ಯನ ನೆನಪಿನಲ್ಲಿ ನಿಲ್ಲದಿದ್ದರೆ ಅದು ನಾಶವಾಗುವುದೆಂದು ಹೇಳಿದ್ದಾನೆ. ಆಗಿನ ಮಠಗಳ ಸಂನ್ಯಾಸಿಗಳು ವರ್ಷದ ಎಲ್ಲ ದಿನಗಳ ಪೂಜಾಗೀತಗಳನ್ನೂ ಬಾಯಿಪಾಠ ಮಾಡಬೇಕಾಗಿತ್ತು. ಮುಂದೆ ಮಾತಿನ ಮೇಲೆ ಸಣ್ಣ ಗೆರೆ ಚುಕ್ಕೆಗಳನ್ನು ಹಾಕುವ ವಾಡಿಕೆ ಬಂದಿತು. ಅವು ಸ್ವರ ಏರುವುದನ್ನೂ ಇಳಿಯುವುದನ್ನೂ ಸೂಚಿಸುತ್ತಿದ್ದುವೇ ಹೊರತು, ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ತಿಳಿಸುತ್ತಿರಲಿಲ್ಲ. ಹಾಡನ್ನು ಬಲ್ಲವನಿಗೆ ಅದು ಜ್ಞಾಪಕಸಾಧನ. ಅರಿಯದವನಿಗೆ ಬರಿಯ ಚಿತ್ತಾರ.

ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಇಟಲಿಯ ಅರೆಟ್ಸೊ ಪಟ್ಟಣದಲ್ಲಿ ಗೀದೊ ಎಂಬ ಸಂನ್ಯಾಸಿಯು ಹುಡುಗರಿಗೆ ಹಾಡು ಕಲಿಸುತ್ತಿದ್ದನು. ಅವನು ಅಡ್ಡಗೆರೆಗಳನ್ನೆಳೆದು, ಆ ಗೆರೆಗಳ ಮೇಲೂ ಗೆರೆಗಳ ನಡುವೆಯೂ ಸ್ವರಚಿಹ್ನೆಗಳನ್ನು ಇಡುವ ಕ್ರಮವನ್ನು ನೆಲೆಗೊಳಿಸಿದನು. ಸ್ವರಸ್ಥಾನವನ್ನು ಗುರುತಿಸಲು ಒಂದು ಗೆರೆಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಳದಿ ಬಣ್ಣ. ಸಂತ ಯೋಹಾನನ ಸ್ತುತಿಯೊಂದರ ಪಾದಗಳ ಮೊದಲಕ್ಷರಗಳಿಂದ ‘ಉತ್, ರೆ, ಮಿ, ಫಾ, ಸೋಲ್, ಲಾ’ ಎಂಬ ಹೆಸರುಗಳನ್ನು ತೆಗೆದನು. ನಮ್ಮ ಸರಿಗಮಕ್ಕೆ ಇವು ದೂರದ ಒಡನಾಡಿಗಳು. ಹತ್ತು ವರ್ಷ ಹಿಡಿಯುತ್ತಿದ್ದ ಶಿಕ್ಷಣವು ಇದರಿಂದ ಒಂದೆರಡು ವರ್ಷಗಳಲ್ಲಿ ಮುಗಿಯುವುದೆಂದು ಅವನು ಹೇಳಿಕೊಂಡನು. ಪೋಪ್ ಹತ್ತೊಂಬತ್ತನೆಯ ಯೋಹಾನನು ಅವನನ್ನು ರೋಮಿಗೆ ಕರೆಯಿಸಿ, ಆ ಪುಸ್ತಕವನ್ನು ನೋಡಿ ಆಶ್ಚರ್ಯಪಟ್ಟನು. ತಾನು ಎಂದೂ ಕೇಳದ ಹಾಡನ್ನು ಒಬ್ಬನು ಕಾಗದ ನೋಡಿ ಹಾಡುವುದು ಆಗ ಸಾಧ್ಯವಾಯಿತು. ಗುರುವು ಎದುರಿಗಿಲ್ಲದ ವಿದ್ಯೆಯ ಆರಂಭವೂ ಅದೇ.

ಆದರೆ ಬರೆದ ಪುಸ್ತಕಗಳು ವಿರಳವಾಗಿದ್ದುವು. ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ ದೊಡ್ಡ ಗ್ರಂಥವೊಂದನ್ನು ಪೀಠದ ಮೇಲಿಟ್ಟು ಗಾಯಕರೆಲ್ಲರೂ ಸುತ್ತ ನಿಂತು ಅದನ್ನೇ ನೋಡಿ ಹಾಡುತ್ತಿದ್ದರು. ೧೪೯೮ರಲ್ಲಿ ಒತ್ತಾವಿಯಾನೊ ಪೆತ್ರೂಚಿ ಎಂಬ ಮುದ್ರಕನು ಸಂಗೀತವನ್ನು ಅಚ್ಚುಹಾಕುವ ಹಕ್ಕನ್ನು ವೆನಿಸ್ ಸರ್ಕಾರದಿಂದ ಇಪ್ಪತ್ತು ವರ್ಷಗಳಿಗೆ ಪಡೆದನು. ೧೫೦೧ರಲ್ಲಿ ಅವನ ಮೊದಲ ಸಂಕಲನವು ಹೊರಬಿದ್ದಿತು. ಒಮ್ಮೆ ಗೆರೆಗಳು, ಮತ್ತೊಮ್ಮೆ ಸ್ವರಗಳು, ಇನ್ನೊಮ್ಮೆ ಮಾತುಗಳು ಎಂದು ಒಂದೇ ಹಾಳೆಯನ್ನು ಯಂತ್ರದಲ್ಲಿ ಮತ್ತೆ ಮತ್ತೆ ಹಾಯಿಸಿ ಅವನು ಮಾಡಿದ ಮುದ್ರಣವು ಇಂದಿಗೂ ಕಣ್ಣಿಗೆ ಹಬ್ಬವಾಗಿದೆ. ಮರುವರ್ಷವೇ ದೇವಾಲಯದ ಸಂಗೀತವೂ ಅವನ ಅಚ್ಚುಕೂಟದಿಂದ ಹೊರಟಿತು. ೧೫೨೮ರಲ್ಲಿ ಪ್ಯಾರಿಸ್ಸಿನ ಪಿಯೇರ್ ಅತೆಞಾನ್ ಎಂಬವನು ಗೆರೆಯನ್ನೂ ಸ್ವರವನ್ನೂ ಒಂದೇ ಮೊಳೆಯಲ್ಲಿ ಸೇರಿಸಿ ಒಂದೇ ಒತ್ತಿಗೆ ಮುದ್ರಿಸಿದನು. ಅಂದವು ಸ್ವಲ್ಪ ಕಡಿಮೆಯಾಯಿತು, ಬೆಲೆಯೂ ಕಡಿಮೆಯಾಯಿತು.

ಇಷ್ಟಾದರೂ ಒಂಟಿ ಗಾಯಕನ ಕಷ್ಟ ತೀರಲಿಲ್ಲ. ಅಚ್ಚಾದುವೆಲ್ಲ ನಾಲ್ಕು, ಐದು, ಎಂಟು ಕಂಠಗಳು ಕೂಡಿ ಹಾಡುವ ರಚನೆಗಳು; ಒಂದೊಂದು ಕಂಠಕ್ಕೂ ಒಂದೊಂದು ಪ್ರತ್ಯೇಕ ಪುಸ್ತಕ. ದೊಡ್ಡ ಪಟ್ಟಣದ ಪ್ರಧಾನ ದೇವಾಲಯದಲ್ಲಿ ಎಂಟು ಮಂದಿ ನುರಿತ ಗಾಯಕರು ಸಿಕ್ಕುವರು. ಸಣ್ಣ ಊರಿನ ಇಗರ್ಜಿಯಲ್ಲಿ ಒಬ್ಬ ಗಾಯಕನೂ ಒಬ್ಬ ಆರ್ಗನ್ ವಾದಕನೂ ಇದ್ದರೆ ಅದೇ ಹೆಚ್ಚು. ಅವರು ಮಾಡುವುದೇನು? ಐದು ಕಂಠಗಳ ರಚನೆಯೊಂದನ್ನು ತೆಗೆದುಕೊಂಡು ಒಂದನ್ನು ಹಾಡುವರು. ಉಳಿದುದನ್ನು ಆರ್ಗನ್ನಿನ ಮೇಲೆ ಆದಷ್ಟು ತುಂಬುವರು.

ಈ ದುರವಸ್ಥೆಯನ್ನು ಕಣ್ಣಾರೆ ಕಂಡು ಪರಿಹಾರ ಹುಡುಕಿದವನು ಇಟಲಿಯ ಫ್ರಾನ್ಸಿಸ್ಕನ್ ಸಂನ್ಯಾಸಿ ಲೊದೊವೀಕೊ ವಿಯಾದಾನ. ೧೬೦೨ರಲ್ಲಿ ವೆನಿಸ್ಸಿನಲ್ಲಿ ಅವನ ‘ನೂರು ದೇವಾಲಯ ಗೀತಗಳು’ ಎಂಬರ್ಥದ ಹೆಸರುಳ್ಳ ಗ್ರಂಥವು ಪ್ರಕಟವಾಯಿತು. ಅದರ ಮುನ್ನುಡಿಯಲ್ಲಿ ಅವನು ಕಾರಣವನ್ನು ಸ್ಪಷ್ಟವಾಗಿ ವಿವರಿಸಿದ್ದಾನೆ. ಒಬ್ಬರೊ ಇಬ್ಬರೊ ಆರ್ಗನ್ನಿನ ಜೊತೆಯಲ್ಲಿ ಹಾಡಬೇಕೆಂದಾಗ ತಕ್ಕ ರಚನೆಗಳಿಲ್ಲದೆ ದೊಡ್ಡ ರಚನೆಗಳ ತುಂಡುಗಳನ್ನು ಹಿಡಿಯುವರು, ಆ ತುಂಡುಗಳಲ್ಲಿ ಉದ್ದುದ್ದದ ಮೌನಗಳು, ರಾಗಕ್ಕೆ ಮುಕ್ತಾಯವಿಲ್ಲ, ಮಾತಿಗೆ ಸಂಬಂಧವಿಲ್ಲ, ಕೇಳುವವರಿಗೆ ಬೇಸರ. ಆದಕಾರಣ ಅವನು ಒಂದು, ಎರಡು, ಮೂರು, ನಾಲ್ಕು ಕಂಠಗಳಿಗೆಂದೇ ಗೀತಗಳನ್ನು ರಚಿಸಿ, ಆರ್ಗನ್ನಿನವನಿಗೆ ತಳದ ಮಂದ್ರಪಂಕ್ತಿಯೊಂದನ್ನು ಎಡೆಬಿಡದೆ ಬರೆದುಕೊಟ್ಟನು. ವಾದಕನು ಆ ಪಂಕ್ತಿಯನ್ನು ಆಧಾರವಾಗಿಟ್ಟುಕೊಂಡು ಮೇಲಿನ ಸ್ವರಗಳನ್ನು ತಾನೇ ತುಂಬಿಕೊಳ್ಳಬೇಕು. ಒಬ್ಬನೇ ಹಾಡುವ ಕಲೆಯನ್ನು ಅವನೇ ಕಂಡುಹಿಡಿದನೆಂದು ಹೇಳಲಾಗದು. ಅದೇ ಕಾಲದಲ್ಲಿ ಫ್ಲಾರೆನ್ಸಿನ ಅರಮನೆಗಳಲ್ಲಿಯೂ ಅಂತಹ ಪ್ರಯತ್ನ ನಡೆದಿತ್ತು. ಆದರೆ ಬಡ ಇಗರ್ಜಿಯ ಒಂಟಿ ಕಂಠಕ್ಕೆ, ‘ಇದು ನಿನಗಾಗಿಯೇ’ ಎಂದು ಒಂದು ಅಚ್ಚಿನ ಪುಸ್ತಕವನ್ನು ಕೈಗಿಟ್ಟ ಪುಣ್ಯ ವಿಯಾದಾನನದು. ಎರಡನೆಯ ಬೀಗ ಹೀಗೆ ತೆರೆಯಿತು.

ಮುಂದಿನ ನೂರೈವತ್ತು ವರ್ಷಗಳಲ್ಲಿ ಏಕಕಂಠದ ದೇವಾಲಯಗಾನವು ತನ್ನ ಶಿಖರವನ್ನು ಮುಟ್ಟಿತು. ಅದರ ಮಹಾರಚಕರು ಸ್ವರಪತ್ರವನ್ನು ಕಲ್ಲಿನ ಶಾಸನವೆಂದು ಭಾವಿಸಿರಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಯೋಹಾನ್ ಸೆಬಾಸ್ಟಿಯನ್ ಬಾಖನು ೧೭೨೭ರಲ್ಲಿ ಮುದುಕ ಸಿಮೆಯೋನನ ಕಥೆಯನ್ನು ಆಧರಿಸಿ ಮಂದ್ರಕಂಠಕ್ಕೆ ಒಂದು ಏಕಗಾನವನ್ನು ಬರೆದನು. ೧೭೩೧ರಲ್ಲಿ ಅದನ್ನೇ ತಾರಕಂಠಕ್ಕಾಗಿ ಬೇರೆ ಶ್ರುತಿಗೆ ಏರಿಸಿ, ಓಬೋ ವಾದ್ಯದ ಸ್ಥಾನದಲ್ಲಿ ಕೊಳಲನ್ನಿಟ್ಟನು. ಹ್ಯಾಂಡೆಲನು ೧೭೪೧ರಲ್ಲಿ ಇಪ್ಪತ್ತನಾಲ್ಕು ದಿನಗಳಲ್ಲಿ ಬರೆದು ಮುಗಿಸಿದ ‘ಮೆಸಾಯ’ವು ೧೭೪೨ರ ಏಪ್ರಿಲ್ ೧೩ರಂದು ಡಬ್ಲಿನ್ ನಗರದಲ್ಲಿ ಮೊದಲು ನಡೆಯಿತು. ೧೭೫೦ರಲ್ಲಿ ಗ್ವಾದಾನ್ಯಿ ಎಂಬ ಇಟಾಲಿಯನ್ ಗಾಯಕನು ದೊರೆತಾಗ ಹ್ಯಾಂಡೆಲನು ಅದರ ಒಂದು ಗೀತವನ್ನು ಅವನ ಕಂಠಕ್ಕೆ ತಕ್ಕಂತೆ ಹೊಸದಾಗಿ ಬರೆದನು. ಆದುದರಿಂದಲೇ ಇಂದು ‘ಮೆಸಾಯ’ದ ಒಂದು ಗೀತವನ್ನು ಹುಡುಕಿ ಹೊರಟವರಿಗೆ ಅದೇ ಗೀತವು ಬೇರೆ ಬೇರೆ ಕಂಠಗಳಿಗೆ ಬರೆದಂತೆ ಸಿಕ್ಕುವುದುಂಟು. ಎಲ್ಲವೂ ಪ್ರಾಮಾಣಿಕವೇ, ತನ್ನ ಕಂಠಕ್ಕೆ ಯಾವುದೆಂಬುದನ್ನು ಗಾಯಕನು ಆರಿಸಿಕೊಳ್ಳಬೇಕು.

ಮೂರನೆಯ ಬೀಗ ಅಧಿಕಾರ. ರೋಮಿನ ಪೋಪರ ಸ್ವಂತ ಪೂಜಾಸ್ಥಳವಾದ ಸಿಸ್ಟೈನ್ ಮಂದಿರದಲ್ಲಿ ಈಸ್ಟರಿಗೆ ಹಿಂದಿನ ಪವಿತ್ರ ವಾರದಂದು ‘ಮಿಸೆರೇರೆ’ ಎಂಬ ಗಾನ ನಡೆಯುತ್ತಿತ್ತು. ಇದು ಪಶ್ಚಾತ್ತಾಪದ ಐವತ್ತೊಂದನೆಯ ಕೀರ್ತನೆ. ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಇದನ್ನು ರಚಿಸಿದವನು ಪೋಪರ ಗಾಯಕವೃಂದಕ್ಕೆ ಸೇರಿದ್ದ ಗ್ರೆಗೋರಿಯೊ ಅಲ್ಲೇಗ್ರಿ. ಇದರಲ್ಲಿ ಐವರ ಒಂದು ವೃಂದ, ನಾಲ್ವರು ಏಕಗಾಯಕರ ಇನ್ನೊಂದು ಗುಂಪು. ಪರ್ಯಾಯವಾಗಿ ಹಾಡಿ ಕೊನೆಯಲ್ಲಿ ಒಂಬತ್ತು ಕಂಠಗಳೂ ಕೂಡುತ್ತವೆ. ಈ ಸ್ವರಪತ್ರವನ್ನು ನಕಲು ಮಾಡಿದವರಿಗೆ ಧರ್ಮಬಹಿಷ್ಕಾರವೆಂಬ ಮಾತು ಯೂರೋಪಿನಲ್ಲೆಲ್ಲ ಹರಡಿತ್ತು. ೧೭೭೦ರ ಏಪ್ರಿಲ್ ತಿಂಗಳಲ್ಲಿ ಹದಿನಾಲ್ಕು ವಯಸ್ಸಿನ ಮೊಟ್ಸಾರ್ಟನು ಅದನ್ನು ಕೇಳಿ, ಮನೆಗೆ ಬಂದು ನೆನಪಿನಿಂದಲೇ ಬರೆದಿಟ್ಟನೆಂದು ಅವನ ತಂದೆ ಲಿಯೋಪೋಲ್ಡನು ಹೆಂಡತಿಗೆ ಬರೆದ ಕಾಗದದಿಂದ ತಿಳಿಯುತ್ತದೆ. ಪೋಪರು ಅವನನ್ನು ದಂಡಿಸಲಿಲ್ಲ. ಅದೇ ವರ್ಷ ಅವನಿಗೆ ಪದವಿಯೊಂದನ್ನಿತ್ತು ಗೌರವಿಸಿದರು. ಮರುವರ್ಷ, ಎಂದರೆ ೧೭೭೧ರಲ್ಲಿ, ಸಂಗೀತದ ಇತಿಹಾಸಕಾರ ಚಾರ್ಲ್ಸ್ ಬರ್ನಿಯು ಲಂಡನ್ನಿನಲ್ಲಿ ಅದನ್ನು ಅಚ್ಚುಹಾಕಿಸಿದನು.

ಈ ಕಥೆಯು ರಮ್ಯವಾದುದೇ ಸರಿ. ಆದರೆ ಬೀಗವು ಲೋಕವು ನಂಬಿದ್ದಷ್ಟು ಭದ್ರವಾಗಿರಲಿಲ್ಲ. ಮೊಟ್ಸಾರ್ಟನಿಗೆ ಮುಂಚೆಯೇ ಕೆಲವು ಪ್ರತಿಗಳು ಹೊರಗೆ ಹೋಗಿದ್ದುವು. ಅವುಗಳಲ್ಲೊಂದು ವಿಯನ್ನಾದ ಚಕ್ರವರ್ತಿ ಮೊದಲನೆಯ ಲಿಯೋಪೋಲ್ಡನಿಗೆ ಸೇರಿತ್ತು. ಅದರ ವಿಷಯದಲ್ಲಿ ಬರ್ನಿಯು ಒಂದು ಸ್ವಾರಸ್ಯವನ್ನು ಹೇಳುತ್ತಾನೆ. ಚಕ್ರವರ್ತಿಯು ತನ್ನ ಆಸ್ಥಾನದ ಗಾಯಕರಿಂದ ಅದನ್ನು ಹಾಡಿಸಿದಾಗ ಅದು ತೀರ ಸಪ್ಪೆಯಾಗಿ ಕೇಳಿಸಿತು. ತನಗೆ ಬೇರಾವುದೊ ರಚನೆಯನ್ನು ಕಳುಹಿಸಿ ಮೋಸಮಾಡಿದರೆಂದು ಅವನು ರೋಮಿಗೆ ದೂರು ಬರೆದನು. ಅಲ್ಲಿನ ಸಂಗೀತಾಧಿಕಾರಿಯು ತನ್ನ ಕೆಲಸವನ್ನೇ ಕಳೆದುಕೊಂಡನು. ವಿಚಾರಿಸಿದಾಗ ಗೊತ್ತಾದುದೇನೆಂದರೆ, ಕಳುಹಿಸಿದ ಕಾಗದ ಸರಿಯಾದುದೇ. ಆದರೆ ಆ ಗಾನದ ಜೀವವಾಗಿದ್ದ ಅಲಂಕಾರಗಳನ್ನು ಯಾರೂ ಬರೆದಿರಲಿಲ್ಲ. ಅವು ಗಾಯಕರಿಂದ ಗಾಯಕರಿಗೆ ಬಾಯಿಂದ ಬಾಯಿಗೆ ಬಂದುವು. ಗಮಕವಿಲ್ಲದೆ ಬರಿಯ ಸ್ವರವನ್ನು ನುಡಿಸಿದರೆ ರಾಗ ಎಷ್ಟು ಬರುವುದೆಂಬುದನ್ನು ಬಲ್ಲ ನಮಗೆ ಈ ಸಂಗತಿಯು ಸುಲಭವಾಗಿ ಅರ್ಥವಾಗತಕ್ಕದ್ದು.

ಇದಕ್ಕಿಂತಲೂ ವಿಚಿತ್ರವಾದುದು ಈ ಗಾನದ ಮುಂದಿನ ಕಥೆ. ಇಂದು ಲೋಕದಲ್ಲೆಲ್ಲ ಕೇಳಿಬರುವ ‘ಮಿಸೆರೇರೆ’ಯಲ್ಲಿ ಒಬ್ಬ ಬಾಲಕನ ಕಂಠವು ಅತ್ಯುಚ್ಚವಾದ ತಾರಷಡ್ಜದಂತಹ ಸ್ವರವೊಂದನ್ನು ಮುಟ್ಟುತ್ತದೆ, ಕೇಳುವವರಿಗೆ ರೋಮಾಂಚವಾಗುತ್ತದೆ. ಆ ಸ್ವರವು ಅಲ್ಲೇಗ್ರಿಯು ಬರೆದುದಲ್ಲ. ೧೮೩೧ರಲ್ಲಿ ರೋಮಿನಲ್ಲಿದ್ದ ಮೆಂಡೆಲ್ಸನ್ನನು ಆ ವರ್ಷ ಹೆಚ್ಚಿನ ಶ್ರುತಿಯಲ್ಲಿ ಹಾಡಿದ ಭಾಗವೊಂದನ್ನು ಕೇಳಿದಂತೆಯೇ ಗುರುತುಮಾಡಿಕೊಂಡಿದ್ದನು. ಮುಂದೆ ಆ ತುಣುಕು ಇಂಗ್ಲೆಂಡಿನ ಗ್ರೋವ್ ಸಂಗೀತಕೋಶದ ಲೇಖನವೊಂದರಲ್ಲಿ ಬೇರೆ ಶ್ರುತಿಯ ಭಾಗದೊಡನೆ ತಪ್ಪಾಗಿ ಬೆಸೆದುಹೋಯಿತು. ೧೯೫೧ರಲ್ಲಿ ಐವರ್ ಆಟ್ಕಿನ್ಸರು ಸಂಪಾದಿಸಿದ ಇಂಗ್ಲಿಷ್ ಪ್ರತಿಯಲ್ಲಿ ಅದೇ ನಿಂತಿತು; ೧೯೬೩ರಲ್ಲಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ವೃಂದವು ಮಾಡಿದ ಧ್ವನಿಮುದ್ರಣದಿಂದ ಮನೆಮನೆಗೆ ಹರಡಿತು. ಕಾಗದದಲ್ಲಿ ಬಿದ್ದ ಒಂದು ತಪ್ಪು ಸಂಪ್ರದಾಯವಾಗಿ ಪರಿಣಮಿಸಿತು. ಸ್ವರಪತ್ರವನ್ನು ಹುಡುಕುವವರು ಯಾರ ಸಂಪಾದನೆ, ಯಾವ ಮೂಲ ಎಂದು ಕೇಳಬೇಕಾದುದು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮುಚ್ಚಿಟ್ಟುದಕ್ಕೆ ಈ ಗತಿಯಾದರೆ, ಅಲಕ್ಷ್ಯಕ್ಕೆ ಸಿಕ್ಕಿದುದರ ಗತಿ ಮತ್ತೂ ಶೋಚನೀಯವಾಯಿತು. ೧೭೫೦ರಲ್ಲಿ ಬಾಖನು ತೀರಿಕೊಂಡಾಗ ಅವನ ಕೈಬರಹದ ಕಟ್ಟುಗಳು ಮನೆಯವರಲ್ಲಿ ಹಂಚಿಹೋದುವು. ಹಿರಿಯ ಮಗನು ಕಷ್ಟದ ದಿನಗಳಲ್ಲಿ ತನ್ನ ಪಾಲಿನದನ್ನು ಮಾರಿಕೊಂಡನು. ವರ್ಷದ ಎಲ್ಲ ಭಾನುವಾರಗಳಿಗೂ ಹಬ್ಬಗಳಿಗೂ ಆಗುವಂತಹ ಐದು ವರ್ಷಗಳ ದೇವಾಲಯಗೀತಗಳನ್ನು ಬಾಖನು ರಚಿಸಿದ್ದನೆಂದು ಅವನ ಚರಮಲೇಖನವು ಹೇಳುತ್ತದೆ. ಇಂದು ಉಳಿದಿರುವುವು ಸುಮಾರು ಇನ್ನೂರು. ೧೮೨೯ರ ಮಾರ್ಚ್ ೧೧ರಂದು ಇಪ್ಪತ್ತು ವಯಸ್ಸಿನ ಮೆಂಡೆಲ್ಸನ್ನನು ಬರ್ಲಿನ್ನಿನಲ್ಲಿ ಬಾಖನ ‘ಮತ್ತಾಯನ ಯಾತನಾಗಾನ’ವನ್ನು ನಡೆಸಿ ಲೋಕದ ಕಣ್ಣು ತೆರೆಯಿಸಿದನು. ಅವನಿಗೆ ಆ ಗ್ರಂಥದ ಪ್ರತಿಯೊಂದನ್ನು ಮಾಡಿಸಿಕೊಟ್ಟವಳು ಅವನ ಅಜ್ಜಿ. ೧೮೫೦ರಲ್ಲಿ ಬಾಖ್ ಸಂಘವು ಸ್ಥಾಪಿತವಾಯಿತು. ಸಿಕ್ಕಿದ ಕೈಬರಹಗಳನ್ನೆಲ್ಲ ಶೋಧಿಸಿ ಸುಮಾರು ಐವತ್ತು ವರ್ಷಗಳಲ್ಲಿ ನಲವತ್ತಾರು ಸಂಪುಟಗಳನ್ನು ಹೊರತಂದಿತು. ಕಳೆದುಹೋದುವು ಮಾತ್ರ ಕಳೆದೇಹೋದುವು.

ನಾಲ್ಕನೆಯ ಬೀಗ ಬೆಲೆ. ‘ಮೆಸಾಯ’ದ ಸಂಪೂರ್ಣ ಸ್ವರಗ್ರಂಥವು ಅಚ್ಚಾದುದು ಹ್ಯಾಂಡೆಲನು ತೀರಿಕೊಂಡು ಎಂಟು ವರ್ಷಗಳಾದ ಮೇಲೆ, ೧೭೬೭ರಲ್ಲಿ. ಸಾಮಾನ್ಯ ಗಾಯಕನಿಗೆ ಅದು ಎಟುಕುವ ವಸ್ತುವಾಗಿರಲಿಲ್ಲ. ಲಂಡನ್ನಿನಲ್ಲಿ ಪೋರ್ಚುಗಲ್ ರಾಯಭಾರಿಯ ಪೂಜಾಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದ ವಿನ್ಸೆಂಟ್ ನೊವೆಲ್ಲೊ ಎಂಬವನು ೧೮೧೧ರಲ್ಲಿ ತನ್ನ ಸ್ವಂತ ಖರ್ಚಿನಿಂದ ದೇವಾಲಯ ಸಂಗೀತದ ಸಂಕಲನವೊಂದನ್ನು ಅಚ್ಚುಹಾಕಿಸಿದನು. ಅದರಲ್ಲಿ ಅವನು ಮಾಡಿದ ಒಂದು ಉಪಕಾರವು ಸಣ್ಣದಾಗಿ ಕಂಡರೂ ದೊಡ್ಡದು. ಅದುವರೆಗೆ ವಿಯಾದಾನನ ಕಾಲದಂತೆಯೇ ತಳದ ಪಂಕ್ತಿಯನ್ನೂ ಕೆಲವು ಅಂಕಿಗಳನ್ನೂ ಮಾತ್ರ ಮುದ್ರಿಸಿ ಉಳಿದುದನ್ನು ವಾದಕನ ಪಾಂಡಿತ್ಯಕ್ಕೆ ಬಿಡುತ್ತಿದ್ದರು. ನೊವೆಲ್ಲೊ ಎಲ್ಲ ಸ್ವರಗಳನ್ನೂ ಪೂರ್ತಿಯಾಗಿ ಬರೆದುಕೊಟ್ಟನು. ಅಂಕಿಗಳ ಶಾಸ್ತ್ರವನ್ನರಿಯದ ಹಳ್ಳಿಯ ವಾದಕನೂ ಗಾಯಕನಿಗೆ ನೆರವಾಗಬಲ್ಲವನಾದನು.

ಅವನ ಮಗ ಆಲ್ಫ್ರೆಡನು ಇದನ್ನೇ ಉದ್ಯಮವಾಗಿ ಬೆಳೆಸಿದನು. ೧೮೪೪ರಿಂದ ಅವನು ನಡೆಸಿದ ‘ಮ್ಯೂಸಿಕಲ್ ಟೈಮ್ಸ್’ ಮಾಸಪತ್ರಿಕೆಯ ಸಂಚಿಕೆಯೊಡನೆ ಹಾಡತಕ್ಕ ಸ್ವರಪತ್ರವೂ ಬರುತ್ತಿತ್ತು. ೧೮೪೬ರಲ್ಲಿ ‘ಮೆಸಾಯ’ವನ್ನು ತಿಂಗಳಿಗೊಂದರಂತೆ ಹನ್ನೆರಡು ಭಾಗಗಳಾಗಿ, ಭಾಗವೊಂದಕ್ಕೆ ಆರು ಪೆನ್ಸಿನಂತೆ ಮಾರಾಟಕ್ಕೆ ತಂದನು. ಕಾಗದಕ್ಕೂ ಪತ್ರಿಕೆಗೂ ಜಾಹೀರಾತಿಗೂ ಸರ್ಕಾರವು ವಿಧಿಸಿದ್ದ ತೆರಿಗೆಗಳು ಜ್ಞಾನದ ಮೇಲಿನ ತೆರಿಗೆಗಳೆಂದು ಆಂದೋಲನ ನಡೆದಾಗ ಅದರಲ್ಲಿಯೂ ಅವನು ಭಾಗವಹಿಸಿದನು. ೧೮೫೩ರಲ್ಲಿ ಜಾಹೀರಾತಿನ ಸುಂಕ, ೧೮೫೫ರಲ್ಲಿ ಪತ್ರಿಕೆಯ ಮುದ್ರೆಯ ಸುಂಕ, ೧೮೬೧ರಲ್ಲಿ ಕಾಗದದ ಸುಂಕ ರದ್ದಾದುವು. ಅದೇ ಕಾಲದಲ್ಲಿ, ಗೆರೆಗಳನ್ನು ಓದಲು ಬಾರದ ಕೂಲಿಗಾರರಿಗಾಗಿ ಸ್ವರಗಳ ಹೆಸರಿನ ಮೊದಲಕ್ಷರಗಳಿಂದಲೇ ಹಾಡನ್ನು ಬರೆಯುವ ‘ಟಾನಿಕ್ ಸೋಲ್‌ಫಾ’ ಪದ್ಧತಿಯು ಪ್ರಚಾರಕ್ಕೆ ಬಂದಿತು. ನಾರ್ವಿಚ್ ಪಟ್ಟಣದ ಸಾರಾ ಗ್ಲವರ್ ಎಂಬ ಉಪಾಧ್ಯಾಯಿನಿಯ ಕ್ರಮವನ್ನು ಜಾನ್ ಕರ್ವೆನ್ ಎಂಬ ಪಾದ್ರಿಯು ತಿದ್ದಿ ಬೆಳೆಸಿದನು. ಸಾಧಾರಣ ಅಕ್ಷರದ ಮೊಳೆಗಳೇ ಅಚ್ಚಿಗೆ ಸಾಕಾದುದರಿಂದ ಅದು ಬಹಳ ಅಗ್ಗವಾಯಿತು. ಗಾನವು ಮೊದಲ ಬಾರಿಗೆ ಬಡವನ ಜೇಬಿನೊಳಕ್ಕೆ ಇಳಿಯಿತು.

ಹೀಗೆ ಕಾಗದವು ಸುಲಭವಾದೊಡನೆ ಇನ್ನೊಂದು ಪ್ರಶ್ನೆ ಎದ್ದಿತು: ಸಿಕ್ಕಿದುದನ್ನೆಲ್ಲ ದೇವಾಲಯದಲ್ಲಿ ಹಾಡಬಹುದೆ? ಹತ್ತೊಂಬತ್ತನೆಯ ಶತಮಾನದಲ್ಲಿ ಏಕಕಂಠದ ಹಾಡುಗಳು ಹೇರಳವಾಗಿ ಬಂದುವು. ನಾಟ್ಯಶಾಲೆಗಳಿಗೆ ಸಂಗೀತ ಬರೆಯುತ್ತಿದ್ದ ಅಡಾಲ್ಫ್ ಆದಾಮನ ಕ್ರಿಸ್ತಜಯಂತಿಯ ಗೀತವು ೧೮೪೭ರಲ್ಲಿಯೂ, ಸೇಝಾರ್ ಫ್ರಾಂಕನ ‘ಪಾನಿಸ್ ಆಂಜೆಲಿಕುಸ್’ ೧೮೭೨ರಲ್ಲಿಯೂ ಹುಟ್ಟಿದುವು. ಶೂಬರ್ಟನು ೧೮೨೫ರಲ್ಲಿ ಬರೆದ ‘ಆವೇ ಮರಿಯ’ ಎಂಬ ಪ್ರಸಿದ್ಧ ಗೀತವನ್ನು ಅನೇಕರು ದೇವಾಲಯದ್ದೆಂದೇ ತಿಳಿದಿದ್ದಾರೆ. ವಸ್ತುತಃ ಅದರ ಮಾತು ವಾಲ್ಟರ್ ಸ್ಕಾಟನ ಕಥನಕಾವ್ಯವೊಂದರಲ್ಲಿ ಕನ್ಯೆಯೊಬ್ಬಳು ಹಾಡುವ ಪ್ರಾರ್ಥನೆಯ ಜರ್ಮನ್ ಭಾಷಾಂತರ. ೧೯೦೩ರ ನವೆಂಬರ್ ೨೨ರಂದು ಪೋಪ್ ಹತ್ತನೆಯ ಪಿಯುಸರು ನಿರೂಪವೊಂದನ್ನು ಹೊರಡಿಸಿ, ನಾಟಕಶಾಲೆಯ ಶೈಲಿಯು ಪೂಜೆಗೆ ಸಲ್ಲದೆಂದೂ, ಏಕಕಂಠವು ವೃಂದಗಾನವನ್ನು ಮೀರಿ ಮೆರೆಯಬಾರದೆಂದೂ ವಿಧಿಸಿದರು. ಸ್ತ್ರೀಯರು ಗಾಯಕವೃಂದಕ್ಕೆ ಸೇರಕೂಡದೆಂಬ ಮಾತೂ ಅದರಲ್ಲಿತ್ತು. ಈ ಕೊನೆಯ ಕಟ್ಟಳೆ ಇಂದು ಉಳಿದಿಲ್ಲ. ಆದರೆ ದೇವರ ಮುಂದೆ ಹಾಡುವವನು ದೇವರನ್ನು ತೋರಿಸುತ್ತಾನೆಯೊ, ತನ್ನನ್ನೇ ತೋರಿಸಿಕೊಳ್ಳುತ್ತಾನೆಯೊ ಎಂಬ ಮೂಲಪ್ರಶ್ನೆಗೆ ವಯಸ್ಸಾಗುವುದಿಲ್ಲ. ಭಜನೆಯ ಮನೆಯಲ್ಲಿಯೂ ದೇವಸ್ಥಾನದ ಮಂಟಪದಲ್ಲಿಯೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು.

ಐದನೆಯ ಬೀಗ ಕಾನೂನು. ರಚಕನೂ ಪ್ರಕಾಶಕನೂ ಬದುಕಬೇಕಷ್ಟೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಬೀದಿಗಳಲ್ಲಿ ಜನಪ್ರಿಯ ಗೀತಗಳ ಕಳ್ಳಪ್ರತಿಗಳ ಹಾವಳಿ ಎಷ್ಟು ಹೆಚ್ಚಿತೆಂದರೆ ೧೯೦೨ರಲ್ಲಿಯೂ ೧೯೦೬ರಲ್ಲಿಯೂ ಅದನ್ನು ತಡೆಯಲು ವಿಶೇಷ ಶಾಸನಗಳು ಬೇಕಾದುವು. ಇಂದಿನ ಯುಗದಲ್ಲಿ ಅದೇ ವಾದವು ವಿದ್ಯುನ್ಮಾನ ಜಾಲಕ್ಕೆ ಏರಿದೆ. ೧೯೯೮ರಲ್ಲಿ ಆರಂಭವಾದ ವೃಂದಗಾನ ಭಂಡಾರವೂ, ೨೦೦೬ರಲ್ಲಿ ಕೆನಡಾದ ಒಬ್ಬ ವಿದ್ಯಾರ್ಥಿ ಆರಂಭಿಸಿದ ಸ್ವರಗ್ರಂಥ ಭಂಡಾರವೂ ಹಕ್ಕು ತೀರಿದ ಹಳೆಯ ಮುದ್ರಣಗಳನ್ನು ಹಣವಿಲ್ಲದೆ ಎಲ್ಲರಿಗೂ ಒದಗಿಸುತ್ತಿವೆ. ಕೆನಡಾದಲ್ಲಿ ಆಗ ಹಕ್ಕಿನ ಅವಧಿ ರಚಕನ ಮರಣಾನಂತರ ಐವತ್ತು ವರ್ಷ, ಯೂರೋಪಿನಲ್ಲಿ ಎಪ್ಪತ್ತು. ಈ ವ್ಯತ್ಯಾಸದಿಂದ ವಿಯನ್ನಾದ ಪ್ರಕಾಶಕರೊಬ್ಬರು ಆಕ್ಷೇಪಿಸಿ, ೨೦೦೭ರ ಅಕ್ಟೋಬರಿನಲ್ಲಿ ಎರಡನೆಯ ಭಂಡಾರವು ಮುಚ್ಚಿತು. ೨೦೦೮ರ ಜೂನಿನಲ್ಲಿ ಮತ್ತೆ ತೆರೆಯಿತು. ನಮ್ಮ ದೇಶದಲ್ಲಿ ಅವಧಿಯು ಮರಣಾನಂತರ ಅರವತ್ತು ವರ್ಷ. ಬಾಖ್, ಹ್ಯಾಂಡೆಲ್, ಫ್ರಾಂಕರ ಹಾಡುಗಳು ಸರ್ವರ ಸೊತ್ತು. ಆದರೆ ಅವನ್ನು ಇತ್ತೀಚೆಗೆ ಶ್ರಮಪಟ್ಟು ಸಂಪಾದಿಸಿದವರ ಪ್ರತಿಗೆ ಬೇರೆ ಹಕ್ಕಿರಬಹುದೆಂಬುದನ್ನು ಮರೆಯಬಾರದು.

ಈ ಚರಿತ್ರೆಯು ನಮ್ಮ ನೆಲವನ್ನೂ ಮುಟ್ಟಿದೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿಶಾಲೆಗಳು ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸಿದುವು. ಆ ವಿದ್ಯೆಯನ್ನು ಪಡೆದ ಗೋವೆಯ ವಾದಕರು ದೇಶದ ಅನೇಕ ಮೇಳಗಳಿಗೆ ಆಧಾರವಾದರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಅಚ್ಚುಕೂಟವನ್ನು ತೆರೆದರು; ಜರ್ಮನ್ ರಾಗಗಳಿಗೆ ಕನ್ನಡದ ಮಾತು ಹೊಂದಿಕೊಂಡು ಹಾಡಾಯಿತು. ಮದರಾಸಿನಲ್ಲಿ ಚಿನ್ನಸ್ವಾಮಿ ಮುದಲಿಯಾರರೆಂಬ ಕ್ರೈಸ್ತ ವಿದ್ವಾಂಸರು ೧೮೯೦ರ ದಶಕದಲ್ಲಿ ನಮ್ಮ ಕೃತಿಗಳನ್ನೇ ಯೂರೋಪಿನ ಗೆರೆಗಳ ಮೇಲೆ ಬರೆದು ಪ್ರಕಟಿಸಲು ತೊಡಗಿದರು. ಅವರ ಪ್ರೇರಣೆಯಿಂದಲೂ ಎಟ್ಟಯಾಪುರದ ಅರಸರ ಆಶ್ರಯದಿಂದಲೂ ಸುಬ್ಬರಾಮ ದೀಕ್ಷಿತರು ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಸ್ವರಲಿಪಿಗೆ ಇಳಿಸಿ, ೧೯೦೪ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಪ್ರಕಟಿಸಿದರು. ಗಮಕಗಳಿಗೂ ಅವರು ಬೇರೆ ಬೇರೆ ಚಿಹ್ನೆಗಳನ್ನಿತ್ತರು. ಚಕ್ರವರ್ತಿ ಲಿಯೋಪೋಲ್ಡನಿಗೆ ಸಿಕ್ಕದೆಹೋದುದನ್ನೇ ಕಾಗದದ ಮೇಲೆ ಹಿಡಿದಿಡಲು ಮಾಡಿದ ಮಹಾಪ್ರಯತ್ನವದು. ಮನೆತನದ ನಿಧಿಯೆಂದು ಪೆಟ್ಟಿಗೆಯಲ್ಲಿಯೇ ಇಟ್ಟಿದ್ದರೆ ಅದರ ಗತಿಯು ಬಾಖನ ಕಳೆದುಹೋದ ಗೀತಗಳ ಗತಿಯೇ ಆಗುತ್ತಿತ್ತೊ ಏನೊ.

ಇದೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ಮಾತು ವಿಶದವಾಗುತ್ತದೆ. ವಿದ್ಯೆಯನ್ನು ಕಾಪಾಡಲು ಮುಚ್ಚಿಡುವುದು ಒಂದು ಮಾರ್ಗ, ಹಂಚುವುದು ಇನ್ನೊಂದು. ಮುಚ್ಚಿಟ್ಟುದು ಶುದ್ಧವಾಗಿರುವುದೆಂಬ ಆಸೆಯುಂಟು. ಆದರೆ ಅದನ್ನು ಬಲ್ಲವರೊಡನೆಯೇ ಅದು ಮಣ್ಣಾಗುವ ಭಯವೂ ಉಂಟು. ಹಂಚಿದುದು ಅಲ್ಲಲ್ಲಿ ಕೆಡುವುದು ನಿಜ, ತಪ್ಪು ಸ್ವರವೊಂದು ಒಳಗೆ ಸೇರಿಕೊಳ್ಳುವುದೂ ನಿಜ. ಆದರೆ ಅದು ಉಳಿಯುತ್ತದೆ, ಉಳಿದುದನ್ನು ತಿದ್ದಿಕೊಳ್ಳಬಹುದು. ಗೀದೊ, ವಿಯಾದಾನ, ನೊವೆಲ್ಲೊ ಇವರೆಲ್ಲರೂ ಹಂಚುವ ಪಕ್ಷವನ್ನು ಹಿಡಿದವರು. ಆದುದರಿಂದ ಯಾವ ಊರಿನ ಯಾವ ಸಣ್ಣ ಇಗರ್ಜಿಯ ಗಾಯಕರಿಗೇ ಆಗಲಿ, ಹಿಂದೆ ರಾಜರಿಗೂ ದುರ್ಲಭವಾಗಿದ್ದ ಗಾನವು ಇಂದು ಕೈಗೆ ಸಿಕ್ಕುತ್ತದೆ. ಅದು ಸಿಕ್ಕಿದ ಮೇಲೆ ಮಾಡಬೇಕಾದ ಕೆಲಸವು ಮಾತ್ರ ಹಾಗೆಯೇ ಉಳಿದಿದೆ. ಮೂಲವನ್ನು ವಿಚಾರಿಸಬೇಕು, ತನ್ನ ಕಂಠಕ್ಕೆ ತಕ್ಕುದನ್ನು ಆರಿಸಬೇಕು, ಬರೆಯದೆ ಬಿಟ್ಟ ಅಲಂಕಾರ, ಉಸಿರು, ಭಾವಗಳನ್ನು ಬಲ್ಲವರ ಬಳಿ ಕುಳಿತು ಕಲಿಯಬೇಕು. ಕಾಗದವು ಗಾಯಕನನ್ನು ಹಾಡಿನ ಬಾಗಿಲವರೆಗೆ ಕರೆದುಕೊಂಡು ಹೋಗಬಲ್ಲುದು; ಒಳಗೆ ಕಾಲಿಡಬೇಕಾದವನು ಅವನೇ.